ಸ್ಪೋರ್ಟ್ಸ್ ಕಾರಿನ ಒಳಗೆ ಕೆನೆ ಬಣ್ಣ ಮಾಡಿಸುವ ಮುನ್ನ ಇದನ್ನು ಓದಿ

ತಗ್ಗಿದ ಚಾವಣಿಯ ಎರಡು ಸೀಟಿನ ಕಾರಿನ ಒಳಗೆ ಹೊಸ ಚರ್ಮ ಹೊದಿಸಬೇಕು, ಬಣ್ಣ ಬದಲಿಸಬೇಕು, ಸ್ಟೀರಿಂಗ್‌ಗೆ ಬೇರೆ ಬಟ್ಟೆ ಸುತ್ತಿಸಬೇಕು ಅಂದುಕೊಂಡಿರುವವರಿಗಾಗಿ ಬರೆಯುತ್ತಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಎರಡು ಮಾತು ನೆನಪಿಟ್ಟುಕೊಳ್ಳಿ. ಡ್ಯಾಶ್‌ಬೋರ್ಡ್‌ನ ಮೇಲ್ಭಾಗಕ್ಕೆ ತಿಳಿ ಬಣ್ಣ ಬೇಡ, ಹೊಳಪಂತೂ ಬೇಡವೇ ಬೇಡ. ಸೀಟಿನೊಳಗೆ ಏರ್‌ಬ್ಯಾಗ್ ಇದ್ದರೆ, ಅದರ ಮೇಲಿನ ಹೊಲಿಗೆಯ ಬಗ್ಗೆ ಕೇಳಿದಾಗ ತಡವರಿಸುವ ಅಂಗಡಿಗೆ ಕಾರು ಬಿಡಬೇಡಿ.

ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಕಾರು. ಎಂಜಿನ್, ಗೇರ್‌ಬಾಕ್ಸ್ ಗಟ್ಟಿಯಾಗಿದ್ದವು, ಒಳಗಡೆ ಮಾತ್ರ ಸವೆದಿತ್ತು. ಚಾಲಕನ ಸೀಟಿನಲ್ಲಿ ಬಾಗಿಲ ಕಡೆ ಉಬ್ಬಿರುತ್ತದಲ್ಲ, ಹತ್ತಿ ಇಳಿಯುವಾಗಲೆಲ್ಲ ಮೈ ಉಜ್ಜುವ ಜಾಗ, ಅಲ್ಲಿ ಚರ್ಮ ಬಿರುಕು ಬಿಟ್ಟಿತ್ತು. ಡ್ಯಾಶ್‌ಬೋರ್ಡ್ ಬಿಸಿಲಿಗೆ ಬಿಳಿಚಿಕೊಂಡಿತ್ತು. ಎಸಿ ಗುಂಡಿಗಳ ಮೇಲಿನ ರಬ್ಬರಿನಂಥ ಲೇಪ ಕರಗಿ ಬೆರಳಿಗೆ ಅಂಟುತ್ತಿತ್ತು. ಸೀಟಿನ ಕೆಲಸಕ್ಕೆ ಹೆಸರು ಮಾಡಿದ್ದ ಒಂದು ಅಂಗಡಿಗೆ ಒಯ್ದೆ. ಮಾಲೀಕರು ಫೋನಿನಲ್ಲಿ ಒಂದಾದ ಮೇಲೊಂದು ಫೋಟೋ ತೋರಿಸಿದರು: ಕೆನೆ ಬಣ್ಣದ ಡ್ಯಾಶ್‌ಬೋರ್ಡ್, ಅದೇ ಬಣ್ಣದ ಸೀಟು, ಕೆಂಪು ದಾರ, ನಡುವೆ ಕನ್ನಡಿಯಂತೆ ಹೊಳೆಯುವ ಕಪ್ಪು ಪಟ್ಟಿ. ಗಾಜಿನಲ್ಲಿ ಪ್ರತಿಬಿಂಬ ಬೀಳುವುದಿಲ್ಲವೇ ಎಂದು ಕೇಳಿದೆ. "ಇಲ್ಲ ಸರ್, ಇದು ಮ್ಯಾಟ್ ಲೆದರ್, ಹೊಳಪೇ ಇರಲ್ಲ, ಏನೂ ತೊಂದರೆ ಆಗಲ್ಲ" ಎಂದರು.

ಕಾರು ಕೈಗೆ ಬಂದಾಗ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ರಸ್ತೆಗಿಳಿದು ಸೂರ್ಯ ಎದುರಿಗೆ ಬಂದ ಕೂಡಲೇ ಮುಂದಿನ ಗಾಜಿನ ಕೆಳ ಅರ್ಧಕ್ಕೆ ಹಾಲಿನಂಥ ಪರದೆ ಕವಿಯಿತು. ಡ್ಯಾಶ್‌ಬೋರ್ಡ್‌ನ ಅಂಚು, ಕೆಂಪು ಹೊಲಿಗೆಯ ಸಾಲು, ಗಾಳಿ ಬರುವ ಕಿಂಡಿಯ ಆಕಾರ ಎಲ್ಲವೂ ಗಾಜಿನ ಮೇಲೆ ತೇಲುತ್ತಿದ್ದವು. ರಸ್ತೆಯ ಬಿಳಿ ಗೆರೆ ಯಾವುದು, ನನ್ನದೇ ಡ್ಯಾಶ್‌ಬೋರ್ಡ್‌ನ ಅಂಚು ಯಾವುದು ಎಂದು ಬಿಡಿಸಿ ನೋಡಬೇಕಾಗುತ್ತಿತ್ತು. ಮರದ ನೆರಳಿನಿಂದ ಬೂದು ಬಣ್ಣದ ಅಂಗಿ ತೊಟ್ಟ ಸೈಕಲ್ ಸವಾರರೊಬ್ಬರು ರಸ್ತೆಗೆ ಬಂದದ್ದು ತೀರ ಹತ್ತಿರ ಹೋಗುವವರೆಗೂ ಕಾಣಲಿಲ್ಲ. ಬ್ರೇಕ್ ಹಿಡಿಯಿತು, ಅವರಿಗೆ ಏನೂ ಆಗಲಿಲ್ಲ. ಆ ದಿನದಿಂದ ಬಿಸಿಲೇರಿದ ಮೇಲೆ ಆ ಕಾರು ಹೊರತೆಗೆಯುವುದನ್ನೇ ನಿಲ್ಲಿಸಿದೆ.

ಚರ್ಮ ಮ್ಯಾಟ್ ಆಗಿದ್ದರೆ ಪ್ರತಿಬಿಂಬ ಬೀಳುವುದಿಲ್ಲ ಎನ್ನುವುದು ತಪ್ಪು ತಿಳಿವಳಿಕೆ. ಇಲ್ಲಿ ಕನ್ನಡಿಯ ಕೆಲಸ ಮಾಡುವುದು ಚರ್ಮವಲ್ಲ, ಗಾಜು. ತಿಳಿ ಬಣ್ಣದ ಮೇಲ್ಮೈ, ಮ್ಯಾಟ್ ಆಗಿದ್ದರೂ ಸರಿಯೇ, ತನ್ನ ಮೇಲೆ ಬಿದ್ದ ಬಿಸಿಲಿನ ಹೆಚ್ಚಿನ ಭಾಗವನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಅದು ಗಾಜಿಗೆ ತಾಗಿ ನಮ್ಮ ಕಣ್ಣಿಗೆ ಮರಳುತ್ತದೆ. ಬೆಳಕು ನೇರವಾಗಿ ಬಿದ್ದರೆ ಗಾಜಿನ ಒಂದೊಂದು ಮೇಲ್ಮೈ ಹಿಂದಕ್ಕೆ ಕಳಿಸುವುದು ಸುಮಾರು ಶೇ. 4ರಷ್ಟನ್ನು. ಓರೆ ಹೆಚ್ಚಿದಂತೆ ಇದು ಏರುತ್ತದೆ, 70 ಡಿಗ್ರಿ ಓರೆಯಾದಾಗ ಶೇ. 17ರ ಹತ್ತಿರಕ್ಕೆ ಹೋಗುತ್ತದೆ. ಸ್ಪೋರ್ಟ್ಸ್ ಕಾರಿನ ಮುಂದಿನ ಗಾಜು ಗಾಳಿ ಸೀಳಲೆಂದು ತುಂಬ ಮಲಗಿಕೊಂಡಿರುತ್ತದೆ, ಅದರ ಅಡಿ ಡ್ಯಾಶ್‌ಬೋರ್ಡ್ ಉದ್ದಕ್ಕೆ ಚಾಚಿರುತ್ತದೆ. ಎತ್ತರದ ಕಾರಿನಲ್ಲಿ ಹೇಗೋ ಸಹಿಸಬಹುದಾದ ಕೆನೆ ಬಣ್ಣ ಇಲ್ಲಿ ಕಣ್ಣಿಗೆ ಕಟ್ಟಿದ ಪಟ್ಟಿಯಾಗುವುದು ಇದೇ ಕಾರಣಕ್ಕೆ.

ಪೋಲರೈಸ್ಡ್ ಕನ್ನಡಕ ಹಾಕಿಕೊಳ್ಳಿ ಎಂದು ಅಂಗಡಿಯವರು ಸಲಹೆ ಕೊಟ್ಟರು. ಅದರಿಂದ ಅನುಕೂಲ ಆಗುವುದು ನಿಜ. ಗಾಜಿನಿಂದ ಸುಮಾರು 56 ಡಿಗ್ರಿ ಓರೆಯ ಆಸುಪಾಸಿನಲ್ಲಿ ಪ್ರತಿಫಲಿಸುವ ಬೆಳಕು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ, ಆ ಕನ್ನಡಕ ತಡೆಯುವುದು ಅದನ್ನೇ. ಆದರೆ ಅದೇ ಕನ್ನಡಕದಲ್ಲಿ ಕೆಲವು ಕಾರುಗಳ ಡಿಜಿಟಲ್ ಮೀಟರು ಮಸುಕಾಗುತ್ತದೆ, ಸುರಂಗದೊಳಗೆ ನುಗ್ಗಿದಾಗ ಕತ್ತಲು ಕವಿಯುತ್ತದೆ. ಕಾರಿನಲ್ಲಿ ಮಾಡಿದ ತಪ್ಪು ಕೆಲಸಕ್ಕೆ ಓಡಿಸುವವರ ಕಣ್ಣಿಗೆ ಮದ್ದು ಹಾಕುವುದು ನನಗೆ ಒಪ್ಪಿಗೆಯಿಲ್ಲ.

ರೇಸಿನವರು ಇದನ್ನು ಎಂದೋ ಅರಿತಿದ್ದಾರೆ. ರ‍್ಯಾಲಿ ಕಾರುಗಳ ಡ್ಯಾಶ್‌ಬೋರ್ಡ್ ಮೇಲೆ ಕಾಣುವ ಮಖಮಲ್ಲಿನಂಥ ಕಪ್ಪು ಹೊದಿಕೆ ಅಲಂಕಾರಕ್ಕಲ್ಲ, ಬೆಳಕು ನುಂಗಲು. 1987ರಲ್ಲಿ ಬಂದ ಫೆರಾರಿ ಎಫ್40 ಒಳಗೆ ನೋಡಿ. ನೆಲಕ್ಕೆ ಕಾರ್ಪೆಟ್ ಇಲ್ಲ, ಬಾಗಿಲು ತೆಗೆಯಲು ಒಂದು ತಂತಿ ಎಳೆಯಬೇಕು, ಚರ್ಮದ ಅಲಂಕಾರವಿಲ್ಲ. ಆದರೂ ಡ್ಯಾಶ್‌ಬೋರ್ಡ್‌ಗೆ ಬೂದು ಬಣ್ಣದ ಒರಟು ಬಟ್ಟೆ ಹೊದಿಸಿದ್ದಾರೆ. ತೂಕ ಉಳಿಸಲು ಎಲ್ಲವನ್ನೂ ಕಿತ್ತುಹಾಕಿದ ಕಾರಿನಲ್ಲೂ ಅದು ಉಳಿದುಕೊಂಡಿದೆ. ನನ್ನ ಮಟ್ಟಿಗೆ ಸುಂದರವಾದ ಒಳಾಂಗಣ ಅಂದರೆ ಇದೇ, ಪ್ರತಿಯೊಂದು ವಸ್ತುವೂ ಓಡಿಸುವವರಿಗಾಗಿ ಅಲ್ಲಿರಬೇಕು. ಪೋರ್ಷೆ 911ರಲ್ಲಿ ಆರ್‌ಪಿಎಂ ಮೀಟರನ್ನು (ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತೋರಿಸುವುದು) ನಟ್ಟನಡುವೆ ಇಟ್ಟಿರುವುದೂ ಆ ದೃಷ್ಟಿಯಿಂದಲೇ ನನಗೆ ಇಷ್ಟ.

ಇನ್ನು ಬಣ್ಣದ ಹೊಂದಾಣಿಕೆ. ಸೀಟಿಗೆ ನಿಜವಾದ ಚರ್ಮ, ಬಾಗಿಲಿಗೆ ರೆಕ್ಸಿನ್, ಗಾಜುಗಳ ಅಂಚಿನ ಕಂಬಗಳ ಪ್ಲಾಸ್ಟಿಕ್‌ಗೆ ಸ್ಪ್ರೇ ಪೇಂಟ್ ಬಳಸಿದ್ದರು. ಅಂಗಡಿಯೊಳಗೆ ಮೂರೂ ಒಂದೇ ಕೆನೆಯಾಗಿ ಕಂಡವು. ಹೊರಗೆ ಸೀಟು ಗುಲಾಬಿಗೆ ತಿರುಗಿತು, ಬಾಗಿಲು ಹಸಿರಿಗೆ, ಕಂಬ ಮಾತ್ರ ಹಳದಿ. ಬೇರೆ ಬೇರೆ ವರ್ಣದ್ರವ್ಯಗಳಿಂದ ಮಾಡಿದ ಎರಡು ಬಣ್ಣಗಳು ಒಂದು ದೀಪದಡಿ ಒಂದೇ ಥರ ಕಂಡು ಇನ್ನೊಂದು ಬೆಳಕಿನಲ್ಲಿ ಬೇರೆಯಾಗುವುದು ಬಣ್ಣದ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ಕಾರು ಕಂಪನಿಗಳು ಇದಕ್ಕೆಂದೇ ಪ್ರತಿ ವಸ್ತುವಿನ ಮಾದರಿಯನ್ನೂ ಹಲವು ಬಗೆಯ ಬೆಳಕಿನಲ್ಲಿ ಹೋಲಿಸಿ ನೋಡುತ್ತವೆ. ನೀವೂ ಹಾಗೆಯೇ ಮಾಡಿ. ಮೂರೂ ವಸ್ತುಗಳ ತುಂಡುಗಳನ್ನು ಬಿಸಿಲಿಗೆ ತನ್ನಿ, ನೆರಳಿಗೆ ತನ್ನಿ, ಹಳದಿ ಬಲ್ಬಿನ ಕೆಳಗೂ ಇಡಿ. ಬೆರಳಗಲದ ತುಂಡು ಒಪ್ಪಿಕೊಂಡು ಬರಬೇಡಿ. ಅದೇ ಬಣ್ಣ ದೊಡ್ಡ ಜಾಗಕ್ಕೆ ಹರಡಿದಾಗ ಇನ್ನೂ ತಿಳಿಯಾಗಿ, ಇನ್ನೂ ಜೋರಾಗಿ ಕಾಣುತ್ತದೆ. ದೊಡ್ಡ ತುಂಡು ಕೇಳಿ ಪಡೆದು, ಡ್ಯಾಶ್‌ಬೋರ್ಡ್ ಮೇಲೆ ಹಾಸಿ, ಬಿಸಿಲಿಗೆ ಎದುರಾಗಿ ಚಾಲಕನ ಸೀಟಿನಲ್ಲಿ ಕೂತು ಗಾಜಿನತ್ತ ನೋಡಿ. ನನಗೆ ಅಂಗಡಿಯಲ್ಲಿ ಸಿಕ್ಕಿದ್ದು ಉಂಗುರಕ್ಕೆ ಕಟ್ಟಿದ ಪುಟ್ಟ ತುಂಡುಗಳ ಗೊಂಚಲು ಮಾತ್ರ.

ಸೀಟಿನ ಕೆನೆ ಬಣ್ಣ ಬಲು ಬೇಗ ನೀಲಿಗೆ ತಿರುಗಿತು. ಜೀನ್ಸ್‌ನ ಇಂಡಿಗೊ ಬಣ್ಣ ಹತ್ತಿಯ ಎಳೆಯ ಮೇಲ್ಪದರದಲ್ಲಿ ಕೂತಿರುತ್ತದೆಯೇ ಹೊರತು ಒಳಗೆ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ, ಹೀಗಾಗಿ ಉಜ್ಜಿದಲ್ಲೆಲ್ಲ ಬಿಡುತ್ತದೆ. ಸ್ಪೋರ್ಟ್ಸ್ ಕಾರಿನ ಸೀಟು ತೊಡೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವುದರಿಂದ ಉಜ್ಜಾಟವೂ ಜಾಸ್ತಿ. ಅಂಗಡಿಯವರು ಬಿಳಿ ಮೆಲಮೈನ್ ಸ್ಪಂಜು ಕೊಟ್ಟು ಉಜ್ಜಲು ಹೇಳಿದರು. ದಯವಿಟ್ಟು ಅದನ್ನು ಚರ್ಮಕ್ಕೆ ತಾಗಿಸಬೇಡಿ. ಅದು ನಯವಾದ ಮರಳುಕಾಗದವೇ. ಕಾರಿನ ಚರ್ಮದ ಮೇಲೆ ತೆಳುವಾದ ರಕ್ಷಣೆಯ ಲೇಪ ಇರುತ್ತದೆ. ಸ್ಪಂಜು ಕಲೆಯ ಜೊತೆಗೆ ಆ ಲೇಪವನ್ನೂ ಕೆರೆದುಬಿಡುತ್ತದೆ, ಮುಂದಿನ ಕಲೆ ಇನ್ನೂ ಆಳಕ್ಕಿಳಿಯುತ್ತದೆ. ಕಲೆ ಹೊಸದಾಗಿದ್ದಾಗಲೇ ಲೆದರಿಗೆಂದೇ ಮಾಡಿದ ಸೌಮ್ಯ ಕ್ಲೀನರ್‌ನಿಂದ, ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು.

ಸ್ಟೀರಿಂಗ್‌ಗೆ ಸುತ್ತಿಸಿದ್ದು ಅಲ್ಕಾಂತಾರಾ. ಇದನ್ನು ಒಂದು ಬಗೆಯ ಚರ್ಮ ಎಂದೇ ಬಹಳ ಜನ ತಿಳಿದಿದ್ದಾರೆ, ಅಲ್ಲ. 1970ರಲ್ಲಿ ಜಪಾನಿನ ಟೋರೆ ಕಂಪನಿಯ ವಿಜ್ಞಾನಿ ಮಿಯೋಶಿ ಒಕಮೊಟೊ ಕಂಡುಹಿಡಿದ, ಇಟಲಿಯಲ್ಲಿ ತಯಾರಾಗುವ ಕೃತಕ ವಸ್ತು. ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್, ಉಳಿದದ್ದು ಪಾಲಿಯುರೆಥೇನ್. ನನಗೆ ಅದು ತುಂಬ ಇಷ್ಟ, ಅದಕ್ಕೇ ಎಲ್ಲಿ ಬಳಸಬೇಕೆಂದು ಹೇಳುತ್ತಿದ್ದೇನೆ. ಡ್ಯಾಶ್‌ಬೋರ್ಡ್ ಮೇಲೆ ಗಾಢ ಬಣ್ಣದಲ್ಲಿ ಅದಕ್ಕೆ ಸಾಟಿಯಿಲ್ಲ. ಸೀಟಿನ ನಡುಭಾಗದಲ್ಲಿ ಮೈ ಜಾರದಂತೆ ಹಿಡಿಯುತ್ತದೆ. ಸ್ಟೀರಿಂಗ್ ಮೇಲೆ ಮಾತ್ರ, ದಿನವೂ ಬರಿಗೈಯಲ್ಲಿ ಓಡಿಸುವವರಿಗೆ ಸರಿಬರುವುದಿಲ್ಲ. ಬೆವರು ಮತ್ತು ಚರ್ಮದ ಜಿಡ್ಡು ಸೇರಿ ಅದರ ಸಣ್ಣ ಎಳೆಗಳು ಅಂಟಿಕೊಂಡು, ಕೈ ಹಿಡಿಯುವ ಎರಡು ಕಡೆ ನುಣ್ಣಗೆ ಹೊಳೆಯತೊಡಗುತ್ತವೆ. ರೇಸ್ ಚಾಲಕರ ಕೈಗೆ ಗ್ಲೌಸ್ ಇರುತ್ತದೆ ಎನ್ನುವುದನ್ನು ಮಾರುವವರು ಹೇಳುವುದಿಲ್ಲ. ಈಗಾಗಲೇ ಇದ್ದರೆ ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಆಗಾಗ ಒರೆಸಿ, ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಎಳೆಗಳನ್ನು ಬಿಡಿಸಿ. ಜಿಡ್ಡು ಗಟ್ಟಿಯಾಗಲು ಬಿಟ್ಟರೆ ಮೊದಲಿನಂತಾಗುವುದಿಲ್ಲ.

ಹೊಳೆಯುವ ಕಪ್ಪು ಪಟ್ಟಿಯ ಬಗ್ಗೆ ಹೆಚ್ಚು ಹೇಳಲಾರೆ: ಧೂಳು ಒರೆಸಿದರೂ ಗೀರು, ಮುಟ್ಟಿದರೆ ಬೆರಳಚ್ಚು. ಅಂಟುತ್ತಿದ್ದ ಗುಂಡಿಗಳ ಹಳೆಯ ಲೇಪವನ್ನು ತೆಗೆಯದೆ ಅದರ ಮೇಲೇ ಪೇಂಟ್ ಹೊಡೆದಿದ್ದರು. ತೇವಕ್ಕೂ ಬಿಸಿಗೂ ಕೊಳೆತುಹೋದ ಲೇಪದ ಮೇಲೆ ಯಾವ ಪೇಂಟೂ ನಿಲ್ಲುವುದಿಲ್ಲ. ಪೂರ್ತಿ ತೆಗೆದು ಹೊಸದಾಗಿ ಮಾಡಬೇಕು.

ಇಷ್ಟೂ ಹಣ, ಬೇಸರದ ವಿಷಯ. ಏರ್‌ಬ್ಯಾಗ್ ಹಾಗಲ್ಲ. ಕಾರು ಕೈಗೆ ಬಂದ ದಿನವೇ ಮೀಟರಿನಲ್ಲಿ ಏರ್‌ಬ್ಯಾಗ್‌ನ ಕೆಂಪು ದೀಪ ಉರಿಯುತ್ತಿತ್ತು. "ಸೀಟು ಬಿಚ್ಚಿದ್ವಲ್ಲ ಸರ್, ಬ್ಯಾಟರಿ ವೈರ್ ತೆಗೆದು ಹಾಕಿದ್ರೆ ಹೋಗುತ್ತೆ" ಎಂದರು. ಹೋಗಲಿಲ್ಲ. ಬೇರೆ ಕಡೆ ನುರಿತ ತಂತ್ರಜ್ಞರೊಬ್ಬರಿಂದ ಸೀಟು ಬಿಚ್ಚಿಸಿದೆ. ದೀಪಕ್ಕೆ ಕಾರಣ ಸೀಟಿನಡಿಯ ಕನೆಕ್ಟರ್ ಸರಿಯಾಗಿ ಕೂತಿರದಿದ್ದದ್ದು. ಅದನ್ನು ಒತ್ತಿದ ಕೂಡಲೇ ದೀಪ ಆರಿತು. ಅಷ್ಟಕ್ಕೇ ಬಿಟ್ಟಿದ್ದರೆ ನಿಜವಾದ ಅಪಾಯ ಹಾಗೇ ಉಳಿಯುತ್ತಿತ್ತು. ಅವರು ಬೆನ್ನೊರಗಿನ ಹೊರ ಅಂಚನ್ನು ಬೆರಳಿನಿಂದ ಒತ್ತಿ ತೋರಿಸಿದರು: ಏರ್‌ಬ್ಯಾಗ್ ಸಿಡಿದು ಬರಬೇಕಾದ ಜಾಗದಲ್ಲೇ ದಪ್ಪ ನೈಲಾನ್ ದಾರದ ಜೋಡಿ ಹೊಲಿಗೆ, ಅದೇ ಆ ಅಂದದ ಕೆಂಪು ಸಾಲು. ಒಳಗೆ ಇನ್ನೊಂದು ಪದರ ಬಟ್ಟೆಯನ್ನೂ ಗೋಂದು ಹಾಕಿ ಅಂಟಿಸಿದ್ದರು.

ಸೀಟಿನ ಪಕ್ಕದ ಏರ್‌ಬ್ಯಾಗ್ ಬೆನ್ನೊರಗಿನ ಹೊರಬದಿಯೊಳಗೆ ಮಡಚಿಕೊಂಡಿರುತ್ತದೆ. ಬಾಗಿಲಿಗೂ ಪಕ್ಕೆಲುಬಿಗೂ ನಡುವೆ ಇರುವ ಜಾಗ ತುಂಬ ಕಡಿಮೆ, ಆದ್ದರಿಂದ ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ಉಬ್ಬಿರಬೇಕು. ಅದಕ್ಕೆಂದೇ ಕಂಪನಿಯವರು ಆ ಒಂದು ಜಾಗದ ಹೊಲಿಗೆಯನ್ನು ಬೇಕೆಂದೇ ದುರ್ಬಲವಾಗಿ, ಲೆಕ್ಕ ಹಾಕಿದ ದಾರ ಮತ್ತು ಲೆಕ್ಕ ಹಾಕಿದ ಅಂತರದಲ್ಲಿ ಹಾಕಿರುತ್ತಾರೆ. ಅಲ್ಲಿ ಗಟ್ಟಿ ದಾರ ಬಂದರೆ ಏರ್‌ಬ್ಯಾಗ್ ತಡವಾಗಿ ಬರಬಹುದು, ತಪ್ಪು ದಿಕ್ಕಿಗೆ ನುಗ್ಗಬಹುದು, ಬಾರದೆಯೂ ಇರಬಹುದು. ಮುಂದಿನ ಪ್ರಯಾಣಿಕರ ಎದುರಿನ ಡ್ಯಾಶ್‌ಬೋರ್ಡ್‌ಗೂ ಈ ಮಾತು ಅನ್ವಯಿಸುತ್ತದೆ. ಅನೇಕ ಕಾರುಗಳಲ್ಲಿ ಹೊರಗೆ ಗೆರೆಯೇ ಕಾಣದಂತೆ ಒಳಬದಿಯಿಂದ ಸೀಳುಗುರುತು ಹಾಕಿರುತ್ತಾರೆ. ಅದರ ಮೇಲೆ ಇಡೀ ಚರ್ಮ ಎಳೆದು ಅಂಟಿಸಿದರೆ ಆ ಏರ್ಪಾಡು ಕೆಟ್ಟಂತೆಯೇ.

ನಾನು ಸೀಟಿನ ಕವರುಗಳನ್ನು ಕಂಪನಿಯ ಮೂಲ ಭಾಗಗಳಿಂದಲೇ ಬದಲಿಸಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿಸಿ ಗಾಢ ಬೂದಿನ ಮೂಲ ಭಾಗ ಹಾಕಿಸಿದೆ. ಸ್ಟೀರಿಂಗ್‌ಗೆ ನಯವಾದ ಕಪ್ಪು ಚರ್ಮ ಮರಳಿ ಬಂದಿದೆ. ಬಣ್ಣದ ಆಸೆ ಇರುವವರು ಬಾಗಿಲಿನ ಕೆಳಭಾಗ, ಸೀಟಿನ ನಡುಭಾಗ, ನಡುವಿನ ಕೈಯೊರಗು ಇಲ್ಲೆಲ್ಲ ಧಾರಾಳವಾಗಿ ಆಡಬಹುದು. 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರಿನ ಸೀಟಿಗೆ ಆ ಕಂಪನಿಯ ವಿನ್ಯಾಸಕಿ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಆರಿಸಿದ ಚೌಕಳಿ ಬಟ್ಟೆ ಇಂದಿಗೂ ಜನರಿಗೆ ಅಚ್ಚುಮೆಚ್ಚು. ಬಟ್ಟೆಯ ಸೀಟು ಬೆವರಿಗೂ ಒಳ್ಳೆಯದು, ತಿರುವಿನಲ್ಲಿ ಮೈಯನ್ನೂ ಹಿಡಿಯುತ್ತದೆ. ಗಾಜಿನ ಕೆಳಗಿನ ಭಾಗ ಮಾತ್ರ ಕಪ್ಪಾಗಿ, ಮಂಕಾಗಿ ಇರಲಿ.

ಅಂಗಡಿಗೆ ಹೋದಾಗ ಕೇಳಲೇಬೇಕಾದ ಪ್ರಶ್ನೆಗಳು ಇವು. ಏರ್‌ಬ್ಯಾಗ್ ಕಡೆಯ ಹೊಲಿಗೆಗೆ ಯಾವ ದಾರ ಹಾಕುತ್ತೀರಿ? ಕಂಪನಿಯ ಮೂಲ ಕವರಿನ ಆ ಭಾಗವನ್ನು ಹಾಗೇ ಉಳಿಸುತ್ತೀರಾ? ಸೀಟು ಬಿಚ್ಚುವ ಮೊದಲು ಬ್ಯಾಟರಿ ಸಂಪರ್ಕ ತೆಗೆದು ಕಾಯುತ್ತೀರಾ? ಕೆಲಸ ಮುಗಿದ ಮೇಲೆ ಸ್ಕ್ಯಾನರ್ ಹಾಕಿ ತೋರಿಸುತ್ತೀರಾ? ಉತ್ತರಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಈಗಾಗಲೇ ಹೊರಗಡೆ ಸೀಟು ಹೊಲಿಸಿರುವವರು ಬೆನ್ನೊರಗಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂದು ಬರೆದ ಸಣ್ಣ ಪಟ್ಟಿ ಇನ್ನೂ ಇದೆಯೇ ನೋಡಿ. ಇರಲಿ, ಇಲ್ಲದಿರಲಿ, ಬಲ್ಲವರಿಂದ ಒಮ್ಮೆ ಪರೀಕ್ಷೆ ಮಾಡಿಸಿ. ಎಚ್ಚರಿಕೆಯ ದೀಪ ಉರಿಯುತ್ತಿಲ್ಲವೆಂದು ಸುಮ್ಮನಿರಬೇಡಿ. ಆ ದೀಪ ವೈರಿಂಗ್ ಕೆಟ್ಟರೆ ಹೇಳುತ್ತದೆ, ಮೇಲಿನ ಹೊಲಿಗೆ ಗಟ್ಟಿಯಾಗಿದ್ದರೆ ಅದಕ್ಕೆ ತಿಳಿಯುವುದೇ ಇಲ್ಲ.