ಹಳೆಯ ಪಾಲುದಾರನೇ ಸುಪಾರಿ ಕೊಟ್ಟನೇ? ದುರ್ಗಿಗುಡಿಯ ಪ್ರಕರಣ ಗೋಷ್ಠಿಯ ಬಗ್ಗೆ ಒಂದು ವಿಮರ್ಶೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಿವೃತ್ತ ವಕೀಲರೊಬ್ಬರು ತಿಂಗಳಿಗೊಮ್ಮೆ ನಡೆಸುವ ಪ್ರಕರಣ ಗೋಷ್ಠಿಗೆ ಹಣ ಕೊಟ್ಟು ಹೋಗುವವರು ಮೊದಲೇ ತಿಳಿದಿರಬೇಕಾದ ಸಂಗತಿಯೆಂದರೆ, ಇದು ಕ್ರೈಂ ಕಥೆ ಹೇಳಿ ರಂಜಿಸುವ ಕಾರ್ಯಕ್ರಮವಲ್ಲ. ನಿಜವಾಗಿ ನಡೆದು ತೀರ್ಪಾಗಿರುವ ಒಂದು ಮೊಕದ್ದಮೆಯ ಸಾಕ್ಷ್ಯವನ್ನು ಎರಡೂ ಕಡೆಯಿಂದ ಮುಂದಿಟ್ಟು, ಬಂದವರಿಂದ ಚೀಟಿಯಲ್ಲಿ ಅಭಿಪ್ರಾಯ ಬರೆಸಿಕೊಂಡು, ಆಮೇಲಷ್ಟೇ ನ್ಯಾಯಾಲಯ ಏನು ಹೇಳಿತೆಂಬುದನ್ನು ತಿಳಿಸುತ್ತಾರೆ. ಈ ಸಲದ ಪ್ರಶ್ನೆ, ವ್ಯಾಪಾರದಲ್ಲಿ ಜೊತೆಗಿದ್ದು ಬೇರೆಯಾದವನೇ ಬಾಡಿಗೆ ಹಂತಕರಿಂದ ಕೊಲೆ ಮಾಡಿಸಿದನೇ ಎಂಬುದಾಗಿತ್ತು. ಅಡಿಕೆ ಮಂಡಿಯಿಂದ ಹಿಡಿದು ಬಸ್ಸಿನ ಪರ್ಮಿಟ್‌ವರೆಗೆ ಅರ್ಧಕ್ಕರ್ಧ ವ್ಯವಹಾರ ಪಾಲುದಾರಿಕೆಯಲ್ಲೇ ನಡೆಯುವ ಈ ಊರಿನಲ್ಲಿ ಕುರ್ಚಿಗಳು ಸಾಲದೆ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ.

ಪ್ರಕರಣ ಅಮೆರಿಕದ್ದು. ಮಿಕ್ಕಿ ಥಾಂಪ್ಸನ್ 1960ರಲ್ಲಿ ಬಾನೆವಿಲ್ ಉಪ್ಪುಬಯಲಿನಲ್ಲಿ ಗಂಟೆಗೆ 406 ಮೈಲಿ, ಅಂದರೆ 650 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಕಾರು ಓಡಿಸಿ ಹೆಸರಾದವರು; ಮುಂದೆ ರೇಸ್‌ಗಳ ಆಯೋಜಕರಾದರು. ಕ್ರೀಡಾಂಗಣದೊಳಗೆ ಮಣ್ಣು ಸುರಿಸಿ ಮೋಟಾರ್‌ಸೈಕಲ್ ರೇಸ್ ನಡೆಸುವ ಸೂಪರ್‌ಕ್ರಾಸ್ ಅನ್ನು ಜನಪ್ರಿಯಗೊಳಿಸಿದ ಮೈಕೆಲ್ ಗುಡ್‌ವಿನ್ ಜೊತೆ ಅವರು 1984ರಲ್ಲಿ ವ್ಯವಹಾರ ಕೂಡಿಸಿದರು. ಅದು ಬೇಗನೆ ಮುರಿಯಿತು. ಥಾಂಪ್ಸನ್ ದಾವೆ ಹೂಡಿ ಗೆದ್ದರು. ಗುಡ್‌ವಿನ್ ಐದು ಲಕ್ಷ ಡಾಲರಿಗೂ ಹೆಚ್ಚು ಕೊಡಬೇಕೆಂದು ತೀರ್ಪಾಯಿತು. ಗುಡ್‌ವಿನ್ ದಿವಾಳಿ ಅರ್ಜಿ ಹಾಕಿದ. 1988ರ ಮಾರ್ಚ್ 16ರ ಬೆಳಗಿನ ಜಾವ ಕ್ಯಾಲಿಫೋರ್ನಿಯಾದ ಬ್ರಾಡ್‌ಬರಿಯಲ್ಲಿ ಮಿಕ್ಕಿ ಮತ್ತು ಪತ್ನಿ ಟ್ರೂಡಿಯನ್ನು ಅವರ ಮನೆಯ ಮುಂದೆಯೇ ಇಬ್ಬರು ಗುಂಡಿಟ್ಟು ಕೊಂದು, ಸೈಕಲ್ ಹತ್ತಿ ಪರಾರಿಯಾದರು. ಆ ಇಬ್ಬರು ಯಾರೆಂಬುದು ಇಂದಿಗೂ ಪತ್ತೆಯಾಗಿಲ್ಲ.

ಈ ಕಡೆಯ ವಾಕ್ಯದ ಮೇಲೆಯೇ ಇಡೀ ಸಂಜೆ ನಿಂತಿತ್ತು, ಮತ್ತು ಗೋಷ್ಠಿಯ ಹೆಚ್ಚುಗಾರಿಕೆಯೂ ಕೊರತೆಯೂ ಅಲ್ಲಿಯೇ ಕಂಡವು. ನಮ್ಮಲ್ಲಿ ಸುಪಾರಿ ಪ್ರಕರಣ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಬಿಚ್ಚಿಕೊಳ್ಳುತ್ತದೆ: ಕೊಂದವನು ಸಿಕ್ಕಿಬೀಳುತ್ತಾನೆ, ಅವನ ಫೋನ್ ಕರೆಗಳ ವಿವರದಿಂದ ಮಧ್ಯವರ್ತಿ, ಮಧ್ಯವರ್ತಿಯಿಂದ ಹಣ ಕೊಟ್ಟವನು, ನಡುವೆ ಒಬ್ಬ ಮಾಫಿ ಸಾಕ್ಷಿಯಾದರೆ, ಅಂದರೆ ಕ್ಷಮೆ ಪಡೆದು ಜೊತೆಗಾರರ ವಿರುದ್ಧ ಸಾಕ್ಷಿ ಹೇಳಿದರೆ, ಸರಪಣಿ ಪೂರ್ತಿಯಾಗುತ್ತದೆ. ಗುಡ್‌ವಿನ್ ಪ್ರಕರಣದಲ್ಲಿ ಕೆಳಗಿನ ಎರಡು ಮೆಟ್ಟಿಲೇ ಇಲ್ಲ. ಅಭಿಯೋಜನೆಯ ಕೈಯಲ್ಲಿ ಇದ್ದದ್ದು ಹಣದ ಜಗಳ, ‘ದುಡ್ಡು ಕೊಡುವ ಬದಲು ಅವನನ್ನೇ ಮುಗಿಸುತ್ತೇನೆ’ ಎಂಬರ್ಥದ ಮಾತು ಅವನ ಬಾಯಲ್ಲಿ ಕೇಳಿದ್ದೇವೆಂದ ಸಾಕ್ಷಿಗಳು, ಕೊಲೆಯಾದ ಕೆಲವೇ ತಿಂಗಳಲ್ಲಿ ಹಡಗು ಹತ್ತಿ ಅವನು ದೇಶ ಬಿಟ್ಟದ್ದು, ಮತ್ತು ಕೊಲೆಗೆ ಕೆಲವು ದಿನ ಮುಂಚೆ ಥಾಂಪ್ಸನ್ ಮನೆಯ ಸಮೀಪ ಬೈನಾಕ್ಯುಲರ್ ಹಿಡಿದು ಕಾರಿನಲ್ಲಿ ಕುಳಿತಿದ್ದವನು ಇವನೇ ಎಂದ ನೆರೆಯ ದಂಪತಿ.

ವಕೀಲರು ಸಾಂದರ್ಭಿಕ ಸಾಕ್ಷ್ಯವನ್ನು, ಅಂದರೆ ಕಣ್ಣಾರೆ ಕಂಡವರಿಲ್ಲದೆ ಸುತ್ತಲಿನ ಸಂಗತಿಗಳಿಂದ ಅಪರಾಧವನ್ನು ಊಹಿಸುವ ಸಾಕ್ಷ್ಯವನ್ನು, ವಿವರಿಸಿದ ಭಾಗ, ಕೊಟ್ಟ ಹಣಕ್ಕೆ ಪೂರ್ತಿ ನ್ಯಾಯ ಒದಗಿಸಿತು. 1984ರಲ್ಲಿ ನಮ್ಮ ಸುಪ್ರೀಂ ಕೋರ್ಟು ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಹೇಳಿದ ಐದು ಸೂತ್ರಗಳನ್ನು ಹಲಗೆಯ ಮೇಲೆ ಬರೆದು, ಗುಡ್‌ವಿನ್ ವಿರುದ್ಧದ ಒಂದೊಂದು ಸಂಗತಿಯನ್ನೂ ಅದರ ಪಕ್ಕದಲ್ಲಿಟ್ಟರು. ಸಂಗತಿಗಳು ಪೂರ್ತಿ ಸಾಬೀತಾಗಿರಬೇಕು. ಅವು ಆರೋಪಿಯ ಅಪರಾಧದ ಕಡೆಗೆ ಮಾತ್ರ ಬೆರಳು ತೋರಬೇಕು. ಬೇರೆ ಯಾವ ಊಹೆಗೂ ಎಡೆ ಉಳಿಯಬಾರದು. ಹಣದ ಜಗಳ ಸಾಬೀತಾಗಿದೆ, ಅನುಮಾನವೇ ಇಲ್ಲ. ಆದರೆ ಅದು ಬೆರಳು ತೋರುವುದು ದ್ವೇಷದ ಕಡೆಗೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದ, ಮಂಡಿಯಲ್ಲಿ ಲೆಕ್ಕ ಬರೆಯುವವರೊಬ್ಬರು ಎದ್ದು ನಿಂತು, ‘ಸಾರ್, ಪಾಲು ಮುರಿದ ಮೇಲೆ ನಿನ್ನನ್ನು ಉಳಿಸೋದಿಲ್ಲ ಅಂತ ಬೈದಾಡದವರು ಯಾರಿದ್ದಾರೆ ಹೇಳಿ, ನಮ್ಮ ಗಾಂಧಿಬಜಾರಿನಲ್ಲೇ ವಾರಕ್ಕೊಂದು ಕೇಳ್ತೀವಿ’ ಎಂದರು. ಎಲ್ಲರೂ ನಕ್ಕರು. ವಕೀಲರು ಮಾತ್ರ ನಗದೆ, ಬೆದರಿಕೆಯ ಮಾತಿಗೆ ಹಲಗೆಯ ಮೇಲೆ ಹಾಕಿದ್ದ ಗುರುತನ್ನು ಅಳಿಸಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಇಂಥ ಪ್ರಾಮಾಣಿಕತೆಗಾಗಿಯೇ ನಾನು ಈ ಗೋಷ್ಠಿಯನ್ನು ಬೇರೆಯವರಿಗೆ ಹೇಳುತ್ತಿರುವುದು.

ಆದರೆ ಮುಂದೆ ಅವರೂ ಜಾರಿದರು. ಹಡಗಿನ ಪ್ರಸಂಗ ಸ್ವಾರಸ್ಯವಾದದ್ದು, ನಿಜ. ಅದಕ್ಕೆ ಅವರು ಕೊಟ್ಟ ಸಮಯ ಮಾತ್ರ ಅತಿಯಾಯಿತು. ಬೈನಾಕ್ಯುಲರ್ ಸಾಕ್ಷ್ಯ ಇಡೀ ಪ್ರಕರಣದ ಬೆನ್ನೆಲುಬು, ಏಕೆಂದರೆ ದ್ವೇಷವನ್ನು ಕೊಲೆಯ ಜಾಗಕ್ಕೆ ಕರೆತರುವುದು ಅದೊಂದೇ. ಆ ದಂಪತಿ ಗುಡ್‌ವಿನ್‌ನನ್ನು ಗುರುತಿಸಿದ್ದು ಘಟನೆಯ 13 ವರ್ಷಗಳ ನಂತರ ಎಂಬುದನ್ನು ವಕೀಲರು ತಾವಾಗಿ ಹೇಳಲಿಲ್ಲ; ಕಾನೂನು ಓದುವ ಹುಡುಗಿಯೊಬ್ಬಳು ಕೇಳಿದ ಮೇಲೆ ಹೇಳಿದರು. ಅಷ್ಟು ಹೊತ್ತಿಗೆ ಕೆಲವರು ಚೀಟಿ ಬರೆದು ಮಡಚಿಯೂ ಆಗಿತ್ತು. ಎರಡೂ ಪಕ್ಷ ಮಂಡಿಸುತ್ತೇವೆಂದು ಹಣ ಪಡೆಯುವ ಸೇವೆಯಲ್ಲಿ ಇದು ಸಣ್ಣ ಲೋಪವಲ್ಲ. ದರೋಡೆ ಯತ್ನವಾಗಿರಬಹುದೆಂಬ ಪ್ರತಿವಾದವನ್ನೂ ಎರಡೇ ಮಾತಿನಲ್ಲಿ ಮುಗಿಸಿದರು. ಟ್ರೂಡಿಯ ಮೈಮೇಲಿನ ಒಡವೆ ಹಾಗೆಯೇ ಉಳಿದಿದ್ದರಿಂದ ಅದು ದುರ್ಬಲ ವಾದವೆಂಬುದು ನನಗೂ ಒಪ್ಪಿಗೆ, ಆದರೂ ಅದನ್ನು ಕೇಳಿಸಿಕೊಂಡು ತಳ್ಳಿಹಾಕುವ ಅವಕಾಶ ನಮಗೆ ಸಿಗಬೇಕಿತ್ತು.

ನನ್ನ ಚೀಟಿಯಲ್ಲಿ ‘ಸಾಬೀತಾಗಿಲ್ಲ’ ಎಂದು ಬರೆದೆ. ಗುಡ್‌ವಿನ್ ಮಾಡಿಸಿರಬಹುದೆಂಬ ಸಂಶಯ ನನಗೆ ಬಲವಾಗಿಯೇ ಇದೆ. ಆದರೆ ಹಂತಕರಿಗೂ ಅವನಿಗೂ ನಂಟು ತೋರಿಸುವ ನೇರ ಸಾಕ್ಷ್ಯ ಒಂದೂ ಇಲ್ಲದಿರುವಾಗ, ಸಂಶಯ ಎಷ್ಟೇ ಗಟ್ಟಿಯಾಗಿದ್ದರೂ ಪುರಾವೆಯ ಜಾಗದಲ್ಲಿ ಅದನ್ನು ಕೂರಿಸಲಾಗದು. ಕೊಠಡಿಯ ಬಹುಮತ ನನ್ನ ಕಡೆಗಿರಲಿಲ್ಲ, ಅಲ್ಲಿಯ ಜ್ಯೂರಿಯೂ ಇರಲಿಲ್ಲ. ಥಾಂಪ್ಸನ್‌ರ ತಂಗಿ ಕೊಲೀನ್ ಕ್ಯಾಂಪ್‌ಬೆಲ್ ವರ್ಷಗಟ್ಟಲೆ ಬೆನ್ನು ಬಿಡದೆ ಹೋರಾಡಿದ ಮೇಲೆ 2001ರಲ್ಲಿ ಆರೆಂಜ್ ಕೌಂಟಿಯಲ್ಲಿ ಆರೋಪ ಹೊರಿಸಲಾಯಿತು. ಆ ಕೌಂಟಿಗೆ ಅಧಿಕಾರವ್ಯಾಪ್ತಿ ಇಲ್ಲವೆಂದು ಮೇಲ್ಮನವಿ ನ್ಯಾಯಾಲಯ ಹೇಳಿದ್ದರಿಂದ 2004ರಲ್ಲಿ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಪ್ರಕರಣ ಹೊಸದಾಗಿ ಶುರುವಾಯಿತು. 2007ರ ಜನವರಿ 4ರಂದು ಜ್ಯೂರಿ ಎರಡೂ ಕೊಲೆಗಳಲ್ಲಿ ಅವನನ್ನು ತಪ್ಪಿತಸ್ಥನೆಂದಿತು. ಪೆರೋಲ್ ಇಲ್ಲದ ಎರಡು ಜೀವಾವಧಿ ಶಿಕ್ಷೆಯಾಯಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳನ್ನು ಕಣ್ಣೆದುರು ನೋಡಿದವರು ಜ್ಯೂರಿಯವರು, ನಾನಲ್ಲ ಎಂಬುದು ನನ್ನ ಗಮನದಲ್ಲಿದೆ. ಹಾಗಿದ್ದೂ ಚೀಟಿ ತಿದ್ದಬೇಕೆಂದು ನನಗೆ ಅನ್ನಿಸಿಲ್ಲ.

ಕೊನೆಯಲ್ಲಿ ನಮ್ಮ ಕಾನೂನಿನ ಬಗ್ಗೆ ನೀಡಿದ ವಿವರ ಚುಟುಕಾಗಿದ್ದರೂ ಉಪಯುಕ್ತವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಗೆ 103ನೆಯ ಕಲಂ, ಒಳಸಂಚಿಗೆ 61ನೆಯದು. ಸಂಘಟಿತ ಅಪರಾಧದ 111ನೆಯ ಕಲಮಿನಲ್ಲಿ ಸುಪಾರಿ ಹತ್ಯೆಯನ್ನು ಹೆಸರಿಸಿಯೇ ಸೇರಿಸಲಾಗಿದೆ. ಮಂಡಿಯವರಿಗೆ ಇದಕ್ಕಿಂತ ಕೆಲಸಕ್ಕೆ ಬಂದದ್ದು ಬೇರೆ ಮಾತು: 1932ರ ಪಾಲುದಾರಿಕೆ ಕಾಯ್ದೆಯ 69ನೆಯ ಕಲಮಿನ ಪ್ರಕಾರ, ನೋಂದಣಿಯಾಗದ ಫರ್ಮಿನ ಪಾಲುದಾರನು ಕರಾರಿನ ಹಕ್ಕಿಗಾಗಿ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡುವಂತಿಲ್ಲ. ಬಾಯಿಮಾತಿನ ಮೇಲೆ ಲಕ್ಷಾಂತರ ರೂಪಾಯಿ ತೊಡಗಿಸಿದ ಇಬ್ಬರು ಮೂವರ ಮುಖ ಆಗ ಸಪ್ಪಗಾಯಿತು.

ವ್ಯವಸ್ಥೆಯ ವಿಷಯಕ್ಕೆ ಬಂದರೆ, ಕಾಫಿ ಚೆನ್ನಾಗಿತ್ತು, ಮಂಡಕ್ಕಿ ಮೆತ್ತಗಾಗಿತ್ತು. ಮಳೆಗಾಲದಲ್ಲಿ ಅದನ್ನು ದೂರಬಾರದು. ಕರೆಂಟ್ ಹೋದಾಗ ಯುಪಿಎಸ್ ಫ್ಯಾನಿಗೆ ಮಾತ್ರ ಸಿಕ್ಕಿ, ಪರದೆಯ ಮೇಲಿದ್ದ ಘಟನಾವಳಿಯ ಪಟ್ಟಿ ಮಾಯವಾಯಿತು. ಆ ಪಟ್ಟಿಯನ್ನು ಅಚ್ಚು ಹಾಕಿಸಿ ಬಾಗಿಲಲ್ಲೇ ಕೊಟ್ಟರೆ ಸಾಕು. ಸಾಕ್ಷಿಗಳು ಆರೋಪಿಯನ್ನು ಯಾವ ವರ್ಷ ಗುರುತಿಸಿದರೆಂಬುದನ್ನೂ ಅದರಲ್ಲಿ ಸೇರಿಸಲಿ. ತೀರ್ಥಹಳ್ಳಿ, ಸಾಗರದ ಕಡೆಯಿಂದ ಬರುವವರು ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡು ಹೊರಡಬೇಕು, ಏಕೆಂದರೆ ಹೇಳಿದ ವೇಳೆಗೆ ಗೋಷ್ಠಿ ಮುಗಿಯುವುದಿಲ್ಲ.