ವೆನಿಸ್‌ನಲ್ಲಿ ಎಲ್ಲಿ ಉಳಿಯಬೇಕು? ಮೆಸ್ತ್ರೆ, ಕನ್ನರೆಜೊ ಎರಡೂ ಕಡೆ ಇದ್ದು ನೋಡಿದ ಮೇಲೆ

ವೆನಿಸ್‌ಗೆ ಎರಡು ಸಲ ಹೋಗಿ ಬಂದಿದ್ದೇನೆ. 2019ರಲ್ಲಿ ಗೆಳತಿಯರ ಜೊತೆ ಹೋದಾಗ ಮೆಸ್ತ್ರೆಯಲ್ಲಿ ಉಳಿದಿದ್ದೆವು. 2024ರ ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಾಗ ನೀರಿನ ಊರಿನ ಒಳಗೇ, ಕನ್ನರೆಜೊ ಅನ್ನುವ ಭಾಗದಲ್ಲಿ ರೂಮ್ ಮಾಡಿದೆವು. ಯಾವುದು ಒಳ್ಳೆಯದು ಅಂತ ಮೈಸೂರಿನ ನೆಂಟರು ಈಗಲೂ ಕೇಳುತ್ತಿರುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೆಸ್ತ್ರೆ. ಇದು ದಡದ ಮೇಲಿರುವ ಸಾಮಾನ್ಯ ಊರು. ಕಾರು, ಬಸ್ಸು, ದೊಡ್ಡ ಅಂಗಡಿ ಎಲ್ಲ ಇವೆ. ರೂಮ್ ಬಾಡಿಗೆ ಕಡಿಮೆ. ರೈಲು ಹತ್ತಿದರೆ ಹತ್ತು ಹನ್ನೆರಡು ನಿಮಿಷದಲ್ಲಿ ವೆನಿಸ್‌ನ ಸಾಂತಾ ಲೂಚಿಯಾ ಸ್ಟೇಷನ್. ಟಿಕೆಟ್ ಒಂದೂವರೆ ಯೂರೋ ಆಸುಪಾಸು. ನೀರಿನ ಮೇಲೆ ರೈಲು ಹೋಗುವ ಆ ಸೇತುವೆ 1846ರದ್ದು. ಕಿಟಕಿ ಪಕ್ಕ ಕೂತರೆ ಖುಷಿಯಾಗುತ್ತದೆ. ಸಸ್ಯಾಹಾರಿಗಳಿಗೆ ಇನ್ನೊಂದು ಅನುಕೂಲ ಇದೆ. ಮೆಸ್ತ್ರೆಯಲ್ಲಿ ಬಾಂಗ್ಲಾದೇಶದವರು ಜಾಸ್ತಿ. ಅವರ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಹಸಿಮೆಣಸಿನಕಾಯಿ ಸಿಕ್ಕಿತು. ಅಡುಗೆಮನೆ ಇರುವ ರೂಮ್ ಆಗಿದ್ದರಿಂದ ದಿನಾ ರಾತ್ರಿ ಅನ್ನ ಸಾರು ಮಾಡಿಕೊಂಡೆವು.

ಆದರೆ ನಾವು ನೋಡಿದ್ದು ಬರೀ ಜನರನ್ನು. ಬೆಳಿಗ್ಗೆ ಹತ್ತಕ್ಕೆ ಎಲ್ಲರ ಜೊತೆ ಬರುವುದು, ಸಂಜೆ ಎಲ್ಲರ ಜೊತೆ ವಾಪಸ್ ಹೋಗುವುದು. ರಿಯಾಲ್ಟೊ ಸೇತುವೆಯ ಮೇಲೆ ನಿಲ್ಲಲು ಜಾಗ ಇರಲಿಲ್ಲ. ದೀಪ ಹತ್ತುವ ಹೊತ್ತಿಗೆ ಮನಸ್ಸೆಲ್ಲ ರೈಲಿನ ಮೇಲೆ.

ಎರಡನೇ ಸಲ ಅದೇ ತಪ್ಪು ಮಾಡಬಾರದು ಅಂತ ಹಟ ಹಿಡಿದೆ. ಅವೇ ದಿನಗಳಿಗೆ ಎರಡೂ ಕಡೆಯ ಬಾಡಿಗೆ ನೋಡಿದ್ದೆ. ಕನ್ನರೆಜೊದಲ್ಲಿ ರಾತ್ರಿಗೆ 60 ಯೂರೋ ಹೆಚ್ಚು. ಅಪ್ಪ ಬೇಡ ಅಂದರು. ನಾನು ಕೇಳಲಿಲ್ಲ.

ಮೊದಲನೇ ಬೆಳಿಗ್ಗೆ ಏಳು ಗಂಟೆಯೊಳಗೆ, ಇನ್ನೂ ಕತ್ತಲಿರುವಾಗಲೇ, ಒಂದನೇ ನಂಬರ್ ವಪೊರೆತ್ತೊ ಹತ್ತಿದೆವು. ವಪೊರೆತ್ತೊ ಅಂದರೆ ಅಲ್ಲಿಯ ಸಿಟಿ ಬಸ್ಸು, ನೀರಿನ ಮೇಲೆ ಓಡುತ್ತದೆ ಅಷ್ಟೇ. ಗ್ರ್ಯಾಂಡ್ ಕೆನಾಲ್‌ನ ಆ ದಡ ಈ ದಡ ಮುಟ್ಟುತ್ತಾ ನಿಧಾನವಾಗಿ ಹೋಗುತ್ತದೆ. ಎದುರಿನಿಂದ ತರಕಾರಿ ದೋಣಿ, ಪಾರ್ಸೆಲ್ ದೋಣಿ, ಕಸದ ದೋಣಿ. ಊರು ಏಳುವುದನ್ನು ನೋಡುತ್ತಾ ಹೋದೆವು. ಸಲೂತೆ ಚರ್ಚ್ ಹತ್ತಿರ ಬಂದಾಗ ಅಪ್ಪ ಎದ್ದು ನಿಂತರು. ಅವರು ಪಿಡಬ್ಲ್ಯೂಡಿಯಲ್ಲಿ ಎಂಜಿನಿಯರ್ ಆಗಿದ್ದವರು. 1630ರ ಪ್ಲೇಗ್ ಆದ ಮೇಲೆ ಕಟ್ಟಿದ ಆ ಚರ್ಚಿನ ಕೆಳಗೆ ಹತ್ತು ಲಕ್ಷಕ್ಕೂ ಹೆಚ್ಚು ಮರದ ಗೂಟಗಳಿವೆ ಅಂತ ಹೇಳುತ್ತಾರೆ. ಕೆಸರಿನೊಳಗೆ ಗಾಳಿ ಆಡುವುದಿಲ್ಲ, ಅದಕ್ಕೇ ಮರ ಬೇಗ ಕೊಳೆಯುವುದಿಲ್ಲ ಅಂತ ಅಪ್ಪ ಅಮ್ಮನಿಗೆ ವಿವರಿಸುತ್ತಿದ್ದರು. ಸಾನ್ ಮಾರ್ಕೊ ಚೌಕ ತಲುಪಿದಾಗ ಅಲ್ಲಿ ಗುಡಿಸುವವರು, ಪಾರಿವಾಳಗಳು, ನಾವು. ಬಾಡಿಗೆಯ ಮಾತು ಅಪ್ಪ ಮತ್ತೆ ಎತ್ತಲಿಲ್ಲ.

ಒಳಗೆ ಉಳಿಯುವುದರಲ್ಲಿ ಕಷ್ಟ ಅಂದರೆ ಮೆಟ್ಟಿಲು. ಊರಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲಿದೆ, ಸೂಟ್‌ಕೇಸ್ ಹೊತ್ತೇ ದಾಟಬೇಕು. ಮಂಡಿನೋವು ಇರುವವರು ರೂಮ್ ಹುಡುಕುವಾಗ ಇದನ್ನೇ ಮೊದಲು ನೋಡಿ. ಸ್ಟೇಷನ್‌ನಿಂದ ಎಡಕ್ಕೆ ಲಿಸ್ತಾ ದಿ ಸ್ಪಾನ್ಯಾ ಬೀದಿ ಹಿಡಿದರೆ ಗೂಲ್ಯೆ ಸೇತುವೆಯವರೆಗೆ ಒಂದೂ ಸೇತುವೆ ಹತ್ತಬೇಕಿಲ್ಲ. ನಮ್ಮ ರೂಮ್ ಆ ಸೇತುವೆಗಿಂತ ಮೊದಲೇ ಇತ್ತು. ಊಟದಲ್ಲಿ ಮಾತ್ರ ಮೆಸ್ತ್ರೆಯೇ ಗೆದ್ದಿತು. ಇಲ್ಲಿ ನಾವು ಪಿಜ್ಜಾ, ಬ್ರೆಡ್ಡು, ಹಣ್ಣು, ಅಮ್ಮನ ಚಟ್ನಿಪುಡಿಯಲ್ಲಿ ಮೂರು ದಿನ ಕಳೆದೆವು.

ವಪೊರೆತ್ತೊ ಟಿಕೆಟ್ ವಿಷಯ ಬೇಗ ಹೇಳಿಬಿಡುತ್ತೇನೆ. ನಾವು ಹೋದಾಗ 75 ನಿಮಿಷದ ಟಿಕೆಟ್‌ಗೆ 9.50 ಯೂರೋ, 24 ಗಂಟೆಯ ಪಾಸ್‌ಗೆ 25, 48 ಗಂಟೆಯದಕ್ಕೆ 35. ದಿನಕ್ಕೆ ಮೂರು ಸಲ ಹತ್ತಿದರೂ ಪಾಸ್ ಲಾಭ. ಮೊದಲ ಸಲ ಮೆಷಿನ್‌ಗೆ ಮುಟ್ಟಿಸಿದ ಗಳಿಗೆಯಿಂದ ಗಂಟೆ ಲೆಕ್ಕ. ಮಧ್ಯಾಹ್ನ ಶುರು ಮಾಡಿದರೆ ಮರುದಿನ ಮಧ್ಯಾಹ್ನದವರೆಗೂ ನಡೆಯುತ್ತದೆ. 2019ರಲ್ಲಿ ನಾವು ಸುಮ್ನೆ ಬಿಡಿ ಟಿಕೆಟ್ ಕೊಂಡು ಜಾಸ್ತಿ ದುಡ್ಡು ಕೊಟ್ಟಿದ್ದೆವು.

ಇನ್ನು ಗೊಂಡೊಲಾ. ಮೊದಲ ಸಲ ಐದು ಜನ ಹಂಚಿಕೊಂಡು ಕೂತಿದ್ದೆವು. ಸಣ್ಣ ಕಾಲುವೆಗಳಲ್ಲಿ, ಗೋಡೆ ಕೈಗೆ ಸಿಗುವಷ್ಟು ಹತ್ತಿರ ಹೋಗುವಾಗ ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಎರಡನೇ ಸಲ ಹೋದಾಗ ಹಗಲಲ್ಲಿ ಅರ್ಧ ಗಂಟೆಗೆ 90 ಯೂರೋ, ರಾತ್ರಿ ಏಳರ ಮೇಲೆ 110 ಆಗಿತ್ತು. ದರ ಇಡೀ ದೋಣಿಗೆ, ತಲೆಗಲ್ಲ. ಮೂರೇ ಜನಕ್ಕೆ ಅದು ಭಾರ ಅಲ್ವಾ? ಅದಕ್ಕೆ ಅಮ್ಮನನ್ನು ತ್ರಗೆತ್ತೊಗೆ ಕರೆದುಕೊಂಡು ಹೋದೆ. ಇದೂ ಗೊಂಡೊಲಾದ ಥರದ್ದೇ, ಅಲಂಕಾರ ಇಲ್ಲದ ದೊಡ್ಡ ದೋಣಿ. ಇಬ್ಬರು ಹುಟ್ಟು ಹಾಕುತ್ತಾರೆ. ಸಾಂತಾ ಸೋಫಿಯಾದಲ್ಲಿ ಹತ್ತಿ ಎದುರು ದಡದ ರಿಯಾಲ್ಟೊ ಸಂತೆಯ ಹತ್ತಿರ ಇಳಿಯಬಹುದು. ತಲೆಗೆ ಎರಡು ಯೂರೋ, ಎರಡು ನಿಮಿಷದ ದಾರಿ. ಅಮ್ಮ ದೋಣಿಯ ಅಂಚು ಗಟ್ಟಿಯಾಗಿ ಹಿಡಿದು ಕೂತಿದ್ದರು. ಇಳಿದ ಕೂಡಲೇ "ಇನ್ನೊಂದು ಸಲ ಹೋಗೋಣವಾ?" ಅಂದರು. ಹೋದೆವು.

ಸಂತೆಯಲ್ಲಿ ಕುಂಬಳಕಾಯಿ, ಅಣಬೆ, ದ್ರಾಕ್ಷಿ ರಾಶಿ ಹಾಕಿದ್ದರು. ಅಮ್ಮ ಒಂದೊಂದೂ ಮುಟ್ಟಿ ನೋಡಲು ಹೋಗಿ ಬೈಸಿಕೊಂಡರು. ಅಲ್ಲಿ ಅಂಗಡಿಯವರೇ ಆರಿಸಿ ಕೊಡಬೇಕು. ಈ ಕಡೆಯ ವ್ಯಾಪಾರಿ ನಿಕೊಲೊ ದೆ ಕೊಂತಿ 1420ರ ಸುಮಾರಿಗೆ ವಿಜಯನಗರಕ್ಕೆ ಬಂದು ಹೋಗಿದ್ದ ಅಂತ ನಾನು ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ನೀರು ನೋಡುತ್ತಾ ನಿಂತಿದ್ದರು. ಆಮೇಲೆ, ಹಂಪಿ ತಲುಪಲು ಅವನಿಗೆ ಎಷ್ಟು ದಿನ ಹಿಡಿದಿರಬಹುದು ಅಂತ ಕೇಳಿದರು.