ಹಾಕಿದ ದುಡ್ಡೋ, ಇವತ್ತಿನ ಬೆಲೆಯೋ?

ವಿದ್ಯುತ್ ಕಂಪನಿಯ ಆಸ್ತಿಗೆ ಬೆಲೆ ಕಟ್ಟಿ, ಅದರ ಮೇಲೆ ಲಾಭ ಕೊಟ್ಟು ದರ ನಿಗದಿ ಮಾಡುತ್ತಾರೆ. ಯಾವ ಬೆಲೆ ಸರಿ?

ಇವತ್ತು ಹೊಸದಾಗಿ ಕಟ್ಟಿದರೆ ಎಷ್ಟಾಗುತ್ತದೆ ಎಂಬುದು ಒಂದು ಲೆಕ್ಕ. 1898ರ ಸ್ಮಿತ್–ಏಮ್ಸ್ ರೈಲ್ವೆ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೂ ಜಾಗ ಕೊಟ್ಟಿತು. ಆದರೆ ಕಟ್ಟದ ಸ್ಥಾವರದ ಬೆಲೆ ಬರೀ ಊಹೆ ಅಲ್ವಾ? ಸಾಮಾನು ದುಬಾರಿಯಾದರೆ, ಕಂಪನಿ ಹೊಸದಾಗಿ ಒಂದು ಕಂಬ ನೆಡದಿದ್ದರೂ ಬಿಲ್ಲು ಏರುತ್ತದೆ.

ಇನ್ನೊಂದು, ನಿಜವಾಗಿ ಹಾಕಿದ ದುಡ್ಡಿನಲ್ಲಿ ಸವಕಳಿ, ಅಂದರೆ ಬಳಸಿದಂತೆ ವರ್ಷವರ್ಷ ಇಳಿಯುವ ಬೆಲೆ, ಕಳೆಯುವುದು. 100 ಕೋಟಿಯ ಸ್ಥಾವರ, 25 ವರ್ಷ ಬಾಳಿಕೆ ಅಂದುಕೊಳ್ಳಿ. ಸವಕಳಿ ವರ್ಷಕ್ಕೆ 4 ಕೋಟಿ. ಹತ್ತು ವರ್ಷದಲ್ಲಿ 40 ಕೋಟಿಯನ್ನು ಗ್ರಾಹಕರೇ ಬಿಲ್ಲಿನಲ್ಲಿ ತೀರಿಸಿರುತ್ತಾರೆ. ಲಾಭ ಉಳಿದ 60 ಕೋಟಿಯ ಮೇಲೆ ಮಾತ್ರ. ಅದೇ ಸುಪ್ರೀಂ ಕೋರ್ಟಿನ 1944ರ ಹೋಪ್ ಗ್ಯಾಸ್ ಕಂಪನಿ ತೀರ್ಪಿನ ನಂತರ ಅಮೆರಿಕದಲ್ಲಿ ಬಹುತೇಕ ಇದೇ ದಾರಿ. ಬೆಲೆಯೇರಿಕೆ ಜಾಸ್ತಿಯಾದರೆ ಹೊಸ ಯಂತ್ರಕ್ಕೆ ಆ ಸವಕಳಿ ಹಣ ಸಾಲುವುದಿಲ್ಲ, ಅದು ಇದರ ಕೊರತೆ.

ನಾನಂತೂ ಎರಡನೆಯದರ ಕಡೆ. ಲೆಕ್ಕ ಪುಸ್ತಕದಲ್ಲೇ ಸಿಗುತ್ತದೆ. ಆದರೆ ಬಾಳಿಕೆಯ ವರ್ಷ ನೋಡಿಯೇ ಒಪ್ಪಿ. 25ರ ಬದಲು 20 ಎಂದು ಬರೆದರೆ ಸವಕಳಿ 5 ಕೋಟಿಯಾಗಿ, ಹೆಚ್ಚುವರಿ ಹೊರೆ ಇವತ್ತಿನ ಬಿಲ್ಲಿಗೇ ಬೀಳುತ್ತದೆ.